ಕೊನೆಯ ಕಾಲಮಿನ ಪದ

ನಮ್ಮ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಇನ್ನೂರ ಹದಿನಾಲ್ಕು ಜನರ ಗುಣವನ್ನು ಇಂಗ್ಲಿಷಿನ ಒಂದೊಂದೇ ಪದದಲ್ಲಿ ಹೇಳುವವಳು ನಾನು. ಡಾಕ್ಟರಲ್ಲ, ದೇವರಂತೂ ಅಲ್ಲ, ಆಫೀಸಿನ ಟೈಪಿಸ್ಟು. ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಬಗ್ಗೆಯೂ ಒಂದು ಹಾಳೆಯ ವರದಿ ಕೇಂದ್ರ ಕಚೇರಿಗೆ ಹೋಗುತ್ತದೆ. ಎಷ್ಟು ದಿನ ರಜೆ, ಎಷ್ಟು ಸಲ ತಡ, ಏನೇನು ತರಬೇತಿ ಎಂಬ ಕಾಲಮುಗಳೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಒಂದು ಸಣ್ಣ ಚೌಕ ಇರುತ್ತದೆ. ಈ ನೌಕರರನ್ನು ಒಂದು ಇಂಗ್ಲಿಷ್ ಪದದಲ್ಲಿ ವರ್ಣಿಸಿ ಎಂದು ಅದರ ತಲೆಯ ಮೇಲೆ ಅಚ್ಚಾಗಿದೆ. ವರ್ಣಿಸಬೇಕಾದವರು ಸೂಪರಿಂಟೆಂಡೆಂಟ್. ಆದರೆ ಇನ್ನೂರ ಹದಿನಾಲ್ಕು ಪದ ಹುಡುಕುತ್ತಾ ಕೂರುವ ಪುರುಸೊತ್ತು ಯಾವ ಸೂಪರಿಂಟೆಂಡೆಂಟಿಗಿದೆ? "ಹೋದ ವರ್ಷದ್ದೇ ಹಾಕಿಬಿಡಿ" ಅನ್ನುತ್ತಾರೆ. ಹೊಸಬರು ಸೇರಿದರೆ "ನೀವೇ ಏನಾದ್ರೂ ನೋಡಿ" ಅನ್ನುತ್ತಾರೆ. ಹಾಗಾಗಿ ಇಪ್ಪತ್ತಾರು ವರ್ಷಗಳಿಂದ ಪದಗಳ ಉಸ್ತುವಾರಿ ನನ್ನದೇ.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ.

ಈ ಕೆಲಸಕ್ಕೆ ನಾನೇ ಹಾಕಿಕೊಂಡ ಒಂದು ನಿಯಮವಿದೆ. ನಾನು ಸೇರಿದ ಹೊಸತರಲ್ಲಿ ಗೇಟಿನ ಕಾವಲುಗಾರನ ವರದಿಯಲ್ಲಿ ಸತತ ಮೂರು ವರ್ಷದಿಂದ 'ಲೆಥಾರ್ಜಿಕ್' ಎಂದು ಬರುತ್ತಿತ್ತು. ಮೂರು ವರ್ಷವೂ ಆತ 'ಓದಿ ತಿಳಿದುಕೊಂಡಿದ್ದೇನೆ' ಎಂಬ ಸಾಲಿನ ಕೆಳಗೆ ದೊಡ್ಡದಾಗಿ ಸಹಿ ಹಾಕಿದ್ದ. ಪದ ಇಷ್ಟುದ್ದ ಇದೆ, ಒಳ್ಳೆಯದೇ ಇರಬೇಕು ಎಂದು ಅವನ ಲೆಕ್ಕ. ನೆಂಟರಿಷ್ಟರ ಮುಂದೆಲ್ಲ "ಆಫೀಸಲ್ಲಿ ನನ್ನನ್ನ ಲೆಥಾರ್ಜಿಕ್ ಅಂತ ಬರೆದಿದಾರೆ, ಮೂರು ವರ್ಷದಿಂದ!" ಎಂದು ಹೇಳಿಕೊಂಡು ತಿರುಗಿದ್ದನಂತೆ. ಕೊನೆಗೊಂದು ದಿನ ಓದಿಕೊಂಡ ನೆಂಟನೊಬ್ಬ ಎಲ್ಲರೆದುರೇ ಅದರ ಅರ್ಥ ಜಡ, ಸೋಮಾರಿ ಎಂದು ಬಿಡಿಸಿ ಹೇಳಿದ. ಮರುದಿನ ಆ ಮನುಷ್ಯ ನನ್ನ ಮೇಜಿನ ಮುಂದೆ ಬಂದು ನಿಂತ. ಬೈಯಲಿಲ್ಲ. ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದು ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವತ್ತಿನಿಂದ ಯಾರ ಪದವೇ ಆಗಲಿ, ಅವರನ್ನು ನನ್ನೆದುರು ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತೇನೆ, ನಮ್ಮ ಭಾಷೆಯಲ್ಲಿ ಅರ್ಥ ಹೇಳುತ್ತೇನೆ, ಅವರು ಹೂಂ ಅಂದ ಮೇಲೆಯೇ ಪ್ರಿಂಟ್ ತೆಗೆಯುತ್ತೇನೆ. ಪದಗಳನ್ನೂ ಕೈ ಬಿಗಿಹಿಡಿದೇ ಕೊಡುತ್ತೇನೆ. 'ಸಿನ್ಸಿಯರ್' ಯಾರಿಗೆ ಬೇಕಾದರೂ ಉಂಟು, ಅದಕ್ಕೇನು ಬರವಿಲ್ಲ. ಆದರೆ 'ರೆಸಲ್ಯೂಟ್' ಎಂಬ ಪದವನ್ನು ಈ ಇಪ್ಪತ್ತಾರು ವರ್ಷದಲ್ಲಿ ಒಬ್ಬರಿಗೂ ಕೊಟ್ಟಿರಲಿಲ್ಲ. ಒಮ್ಮೆ ನಿರ್ಧಾರ ಮಾಡಿದ ಮೇಲೆ ಅದರಿಂದ ಕದಲದವರು, ಗಟ್ಟಿ ಮನಸ್ಸಿನವರು ಎಂದು ಅದರ ಅರ್ಥ. ಔಷಧಿ ಉಗ್ರಾಣದ ಯಜಮಾನರು ನನ್ನ ಡಿಕ್ಷನರಿ ತಿರುವಿಹಾಕಿ ಅದನ್ನು ಹುಡುಕಿ, "ನನಗೆ ಇದು ಹಾಕಿ, ಕೇಳೋಕೆ ಚೆನ್ನಾಗಿದೆ" ಎಂದು ಎರಡು ವರ್ಷ ದುಂಬಾಲು ಬಿದ್ದರು. ಬೆಳಗ್ಗೆ ತಗೊಂಡ ನಿರ್ಧಾರವನ್ನು ಮಧ್ಯಾಹ್ನದ ಟೀ ತನಕ ಉಳಿಸಿಕೊಳ್ಳಲಾಗದ ಮನುಷ್ಯ. ನಾನು ಕೊಡಲಿಲ್ಲ.

ಇಂಥ ನಾನು ನನ್ನ ಅತ್ತಿಗೆಗೆ ಹನ್ನೊಂದು ವರ್ಷ 'ಒಬೀಡಿಯಂಟ್' ಎಂದು ಹಾಕಿಕೊಂಡು ಬಂದಿದ್ದೆ. ಹೇಳಿದ್ದು ಕೇಳುವವಳು. ಅದಕ್ಕಿಂತ ಸರಿಯಾದ ಪದ ಅವಳಿಗೆ ಇರಲಿಲ್ಲ. ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ, ನಾನು ಅವಳನ್ನು ಅತ್ತಿಗೆ ಅನ್ನುತ್ತೇನೆ. ಯಾರು ದೊಡ್ಡವರು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಒಂದೇ ಮನೆ, ಒಂದೇ ಬಸ್ಸು, ಒಂದೇ ಆಸ್ಪತ್ರೆ. ಏನು ಕೇಳಿದರೂ, ಯಾರು ಕೇಳಿದರೂ ಅವಳ ಬಾಯಲ್ಲಿ ಬರುವುದು ಒಂದೇ ಮಾತು, "ಆಯ್ತು." ಪಾಳಿ ಬದಲಾಯಿಸಿಕೊಳ್ತೀಯಾ ಅಂದರೆ ಆಯ್ತು. ರಜೆ ಬಿಟ್ಟುಕೊಡ್ತೀಯಾ ಅಂದರೆ ಆಯ್ತು. ಚಪ್ಪಲಿ ಅಂಗಡಿಯವನು "ಈ ಸೈಜ್ ಸ್ವಲ್ಪ ದಿನ ಹಾಕಿದ್ರೆ ಸಡಿಲ ಆಗತ್ತೆ" ಅಂದರೆ ಅದಕ್ಕೂ ಆಯ್ತು ಎಂದು ತಂದು, ತಿಂಗಳುಗಟ್ಟಲೆ ಕುಂಟಿದವಳು. ಆಸ್ಪತ್ರೆಯಲ್ಲಿ ಅವಳಿಗೆ 'ಆಯ್ತಮ್ಮ' ಎಂದೇ ಹೆಸರು.

ಅವಳ ಕೆಲಸ ನೆಲಮಾಳಿಗೆಯ ಹಬೆ ಕೋಣೆಯಲ್ಲಿ. ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟ, ಸುತ್ತಿಗೆಗಳೆಲ್ಲ ಅಲ್ಲಿಂದಲೇ ಮೇಲೆ ಹೋಗಬೇಕು. ಬಂದ ಸಾಮಾನನ್ನು ತೊಳೆದು, ಒರೆಸಿ, ಎಣಿಸಿ, ಟ್ರೇಯಲ್ಲಿ ಜೋಡಿಸಿ, ಎರಡು ಪದರ ಬಟ್ಟೆಯಲ್ಲಿ ಸುತ್ತಿ ಮೇಲೊಂದು ಟೇಪ್ ಅಂಟಿಸುತ್ತಾರೆ. ಅದನ್ನು ಬೀರುವಿನಷ್ಟು ದೊಡ್ಡ ಹಬೆ ಯಂತ್ರದೊಳಗೆ ಇಟ್ಟು ಬಾಗಿಲು ಬಿಗಿಯುತ್ತಾರೆ. ಒಳಗಿನ ಬಿಸಿ ತಾಗಿದ್ದಕ್ಕೆ ಗುರುತಾಗಿ ಟೇಪಿನ ಮೇಲಿನ ತಿಳಿ ಗೆರೆಗಳು ಕಪ್ಪಾಗುತ್ತವೆ. ಗೆರೆ ಕಪ್ಪಾಯಿತೆಂದರೆ ಒಳಗಿರುವುದು ಶುದ್ಧ ಎಂದು ಇಡೀ ಆಸ್ಪತ್ರೆಯ ನಂಬಿಕೆ. ಆ ಕೋಣೆಯ ಮೇಲ್ವಿಚಾರಕಿ ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಆ ಜಾಗಕ್ಕೆ ಹಿರಿತನದ ಮೇಲೆ ಬರಬೇಕಾದವಳು ಅತ್ತಿಗೆ. ಈ ವರ್ಷದ ವರದಿ ನೋಡಿ ಕೇಂದ್ರ ಕಚೇರಿ ತೀರ್ಮಾನಿಸುವುದಿತ್ತು.

ಅವತ್ತು ಬೆಳಗ್ಗೆ ರಜೆಯ ರಿಜಿಸ್ಟರಿಗೆ ಸಹಿ ಹಾಕಿಸಿಕೊಳ್ಳಲು ನಾನು ಕೆಳಗೆ ಹೋಗಿದ್ದೆ. ಹಬೆ ಕೋಣೆಯಿಂದ ಸಾಮಾನು ಕೊಡುವುದಕ್ಕೆ ಗೋಡೆಯಲ್ಲೊಂದು ಕಿಟಕಿ ಇದೆ. ಅದರ ಮುಂದೆ ಮೂಳೆ ಡಾಕ್ಟರು ಖುದ್ದಾಗಿ ಬಂದು ನಿಂತಿದ್ದರು. ಹಸಿರು ಟೋಪಿ, ಹಸಿರು ಅಂಗಿ, ಕೆಂಪು ಮುಖ. ಒಳಗೆ ಅತ್ತಿಗೆ ಬಟ್ಟೆ ಸುತ್ತಿದ ಟ್ರೇಯೊಂದನ್ನು ಎದೆಗವಚಿಕೊಂಡು ನಿಂತಿದ್ದಳು.

"ಗೆರೆ ಕಪ್ಪಾಗಿದೆಯಲ್ಲಮ್ಮ, ಕಣ್ಣಿಗೆ ಕಾಣ್ತಿಲ್ವಾ?" ಎಂದರು ಡಾಕ್ಟರು.

"ಕಾಣ್ತಿದೆ ಡಾಕ್ಟ್ರೇ."

"ಮತ್ತೆ ಕೊಡೋದಕ್ಕೇನು?"

ಅತ್ತಿಗೆ ಟ್ರೇಯನ್ನು ಮಗುಚಿ ಅದರ ತಳ ತೋರಿಸಿದಳು. ಬಟ್ಟೆಯ ಒಂದು ಮೂಲೆಯಲ್ಲಿ ನಾಣ್ಯದಗಲ ಒದ್ದೆ ಇತ್ತು. "ಒಣಗಿಲ್ಲ ಡಾಕ್ಟ್ರೇ. ಬಟ್ಟೆ ಒದ್ದೆ ಇದ್ರೆ ಹೊರಗಿನ ಕ್ರಿಮಿ ಒಳಗೆ ಇಳಿಯತ್ತೆ. ಇನ್ನೊಂದು ಸಲ ಇಟ್ಟು ತೆಗೀಬೇಕು, ಮುಕ್ಕಾಲು ಗಂಟೆ."

"ಮುಕ್ಕಾಲು ಗಂಟೆ! ರೋಗಿ ಟೇಬಲ್ ಪಕ್ಕದಲ್ಲಿ ಕಾಯ್ತಿದಾರೆ. ಇಷ್ಟು ಒದ್ದೆಗೆ ಯಾರೂ ಸಾಯಲ್ಲ. ಕೊಡಿ."

ಈಗ ಆಯ್ತು ಅನ್ನುತ್ತಾಳೆ ಎಂದು ನಾನು ರಿಜಿಸ್ಟರ್ ತೆರೆದೆ.

"ಆಗಲ್ಲ ಡಾಕ್ಟ್ರೇ" ಎಂದಳು ಅತ್ತಿಗೆ.

ನನಗೆ ನನ್ನ ಕಿವಿಯ ಮೇಲೇ ಅನುಮಾನ ಬಂತು. ಡಾಕ್ಟರು ಗದರಿದರು, ಆಗಲ್ಲ ಅಂದಳು. ಯಾರ ಜೊತೆ ಮಾತಾಡ್ತಿದೀಯ ಗೊತ್ತಾ ಎಂದರು, ಗೊತ್ತು, ಆಗಲ್ಲ ಅಂದಳು. ಕೈ ಚಾಚಿ ಟ್ರೇಯ ತುದಿ ಹಿಡಿದರು, ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಧ್ವನಿ ನಡುಗುತ್ತಿತ್ತು, ಗದ್ದ ನಡುಗುತ್ತಿತ್ತು, ಮೂಗಿನ ತುದಿಯಲ್ಲಿ ಬೆವರು. ನಾನು ಎಣಿಸಿದೆ, ಏಳು ಸಲ ಆಗಲ್ಲ ಅಂದಳು. ಮದುವೆಯಾಗಿ ನಮ್ಮ ಮನೆಗೆ ಬಂದ ಹತ್ತೊಂಬತ್ತು ವರ್ಷದಲ್ಲಿ ಒಟ್ಟು ಸೇರಿಸಿದರೂ ಅಷ್ಟು ಸಲ ಅಂದಿರಲಿಕ್ಕಿಲ್ಲ.

ಯಂತ್ರವೂ ಅವತ್ತು ಹಠಕ್ಕೆ ಬಿದ್ದಂತೆ ಎರಡನೇ ಸಲವೂ ಸರಿಯಾಗಿ ಒಣಗಿಸಿ ಕೊಡಲಿಲ್ಲ. ಆ ರೋಗಿಯ ಮಂಡಿ ಆಪರೇಷನ್ ಮರುದಿನಕ್ಕೆ ಹೋಯಿತು. ಡಾಕ್ಟರು ಸಂಜೆಯೊಳಗೆ ಎರಡು ಪುಟದ ದೂರು ಬರೆದು ಕೊಟ್ಟರು.

ಮನೆಯಲ್ಲಿ ಅಣ್ಣ "ಏನು, ಬೆಕ್ಕು ಹುಲಿ ಆಯ್ತಂತೆ?" ಎಂದು ರೇಗಿಸಿದ. ಅವಳು ನಗಲಿಲ್ಲ. ಊಟದ ತಟ್ಟೆ ತೊಳೆಯುತ್ತಾ ನಿಂತವಳ ಭುಜ ಕುಲುಕುತ್ತಿತ್ತು. ನಾನು ಹತ್ತಿರ ಹೋಗಿ "ಸರಿಯಾದ್ದೇ ಮಾಡಿದೀಯ, ಯಾಕೆ ಅಳು?" ಎಂದೆ. "ಆ ರೋಗಿ ಬೆಳಗ್ಗೆಯಿಂದ ಉಪವಾಸ ಇದ್ರಂತೆ ಅಕ್ಕಾ, ನಾಳೇನೂ ಉಪವಾಸ ಇರಬೇಕು" ಎಂದಳು.

ನಾಲ್ಕನೇ ದಿನ ಸೂಪರಿಂಟೆಂಡೆಂಟ್ ಮೇಡಂ ನನ್ನನ್ನು ಕರೆದರು. ಕೆಟ್ಟವರಲ್ಲ, ದಣಿದವರು. ಅತ್ತಿಗೆಯ ವರದಿ ಅವರ ಮುಂದಿತ್ತು. ಕೊನೆಯ ಚೌಕದಲ್ಲಿ ಪೆನ್ಸಿಲಿನಿಂದ 'ಆಬ್ಸ್ಟಿನೇಟ್' ಎಂದು ಬರೆದಿದ್ದರು. ಹಠಮಾರಿ, ಮೊಂಡು. ಅಷ್ಟು ಚಿಕ್ಕ ಚೌಕದಲ್ಲಿ ಆ ಪದ ಮೈಚಾಚಿ ಕೂತಿತ್ತು. ಇದು ಕೇಂದ್ರ ಕಚೇರಿಗೆ ಹೋದರೆ ಮೇಲ್ವಿಚಾರಕಿ ಕೆಲಸ ಕೈತಪ್ಪುವುದಷ್ಟೇ ಅಲ್ಲ, ಅವಳನ್ನು ಹಬೆ ಕೋಣೆಯಿಂದಲೇ ಎತ್ತಿ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು.

"ಮೇಡಂ, ಈ ಪದ ತಪ್ಪು" ಎಂದೆ.

"ನಿಮ್ಮ ಅತ್ತಿಗೆ ಅಂತ ಹೇಳ್ತಿದೀರಾ?"

"ನನ್ನ ಅತ್ತಿಗೆ ಅಂತ ಹನ್ನೊಂದು ವರ್ಷ ಒಬೀಡಿಯಂಟ್‌ಗಿಂತ ಒಂದು ಗುಲಗಂಜಿ ಜಾಸ್ತಿ ಕೊಟ್ಟಿಲ್ಲ. ಇದು ಹಠ ಅಲ್ಲ ಮೇಡಂ. ಇದಕ್ಕೆ ರೆಸಲ್ಯೂಟ್ ಅಂತಾರೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪದ ಬದಲಾದ್ರೆ ಕೆಳಗೆ ಕಾರಣದ ವಾಕ್ಯ ಒಂದು ಬರೀಬೇಕು ಅಂತ ನಿಮಗೇ ಗೊತ್ತು. ನಾನು ಬರೆದಿರೋದು ಓದಿ."

ಓದಿದೆ. 'ಡಾಕ್ಟರು ಪದೇ ಪದೇ ಸೂಚಿಸಿದರೂ ಟ್ರೇ ಕೊಡಲು ಒಪ್ಪಲಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು.

"ನಡೆದಿದ್ದು ಅದೇ ತಾನೇ? ಈಗ ಅದರ ಮೇಲೆ ನಿಮ್ಮ ಪದ ಇಟ್ಟು ನೋಡಿ, ಕೂರತ್ತೆ. ನನ್ನ ಪದ ಇಟ್ಟರೂ ಕೂರತ್ತೆ. ಎರಡೂ ಕೂರೋ ಜಾಗದಲ್ಲಿ ಡಾಕ್ಟರ ದೂರು ಬಿಟ್ಟು ನಿಮ್ಮ ಮಾತು ಯಾಕೆ ಕೇಳಲಿ?"

ನಾನು ಎರಡನ್ನೂ ಇಟ್ಟು ನೋಡಿದೆ. ಎರಡೂ ಕೂತವು.

"ನಾಳೆ ನಾಲ್ಕು ಗಂಟೆಗೆ ಹಾಳೆಗಳು ಹೊರಡಬೇಕು" ಎಂದರು ಮೇಡಂ. "ಅಷ್ಟರೊಳಗೆ ನಿಮ್ಮ ಪದ ಮಾತ್ರ ಕೂರೋ ಅಂಥ ಒಂದು ವಾಕ್ಯ ತನ್ನಿ. ಡಿಕ್ಷನರಿಯಿಂದ ಬೇಡ, ಆಕೆಯಿಂದ ತನ್ನಿ. ಇಲ್ಲಾಂದ್ರೆ ನನ್ನದೇ ಟೈಪ್ ಮಾಡಿ."

ನನ್ನ ಮೇಜಿಗೆ ಬಂದು ವಾಕ್ಯಗಳನ್ನು ಬರೆದೆ, ಹೊಡೆದು ಹಾಕಿದೆ. 'ನಿಯಮವನ್ನು ಬಿಡಲಿಲ್ಲ' ಎಂದು ಬರೆದೆ. ಹಠಮಾರಿಗಳು ನಿಯಮ ಹಿಡಿದೇ ಕುಣಿಯುತ್ತಾರೆ, ನಮ್ಮ ಲೆಕ್ಕಪತ್ರದವರನ್ನು ನೋಡಿದರೆ ಸಾಕು. 'ಹೆದರಲಿಲ್ಲ' ಎಂದು ಬರೆದೆ. ಅದು ಸುಳ್ಳು, ಅವಳು ಗಡಗಡ ನಡುಗಿದ್ದನ್ನು ನಾನೇ ನೋಡಿದ್ದೇನೆ. 'ರೋಗಿಯ ಒಳ್ಳೆಯದಕ್ಕಾಗಿ' ಎಂದು ಶುರು ಮಾಡಿದೆ. ರೋಗಿ ಎರಡು ದಿನ ಉಪವಾಸ ಬೀಳಬೇಕಾಗಿದೆ ಎಂದು ಡಾಕ್ಟರ ದೂರಿನಲ್ಲೇ ಇದೆ. ಆಚೆ ಎಳೆದರೆ ಈಚೆ ಬರುತ್ತಿತ್ತು. ಸಂಜೆ ಬಸ್ಸಿನಲ್ಲಿ ಅತ್ತಿಗೆ ಪಕ್ಕದಲ್ಲೇ ಕೂತಿದ್ದರೂ ಹೇಳುವ ಧೈರ್ಯ ಬರಲಿಲ್ಲ.

ಮರುದಿನ ಮಧ್ಯಾಹ್ನ ಮೂರರ ಸುಮಾರಿಗೆ ಅವಳನ್ನು ಕರೆದು ಎದುರು ಕೂರಿಸಿದೆ. ನಿಯಮ ನಿಯಮವೇ. ಎರಡು ಪದಗಳನ್ನೂ ಓದಿದೆ, ಎರಡರ ಅರ್ಥವನ್ನೂ ಹೇಳಿದೆ. ಮೊದಲನೆಯದಕ್ಕೆ ಅವಳು ತಲೆ ತಗ್ಗಿಸಿದಳು. ಎರಡನೆಯದನ್ನು ಕೇಳಿ ಮಾತ್ರ ಬೆಂಕಿ ಮುಟ್ಟಿದಂತೆ ಬೆಚ್ಚಿಬಿದ್ದಳು.

"ಕದಲದವಳು ಅಂತಾನಾ? ಅದು ಬೇಡ ಅಕ್ಕಾ. ಮೊದಲನೇದೇ ಹಾಕಿ."

"ತಲೆ ನೆಟ್ಟಗಿದೆಯಾ ನಿನಗೆ? ಕೆಲಸ ಹೋಗತ್ತೆ!"

"ಹೋಗ್ಲಿ. ಸುಳ್ಳಿನ ಕೆಳಗೆ ಹೆಂಗೆ ಸಹಿ ಹಾಕಲಿ?" ಎಂದವಳು ಸುತ್ತ ನೋಡಿ, ದನಿ ಇಳಿಸಿ ಹೇಳಿದಳು. "ಹೋದ ವರ್ಷ ಒಂದು ಸಲ ಕೊಟ್ಟುಬಿಟ್ಟಿದೀನಿ."

ಕಳೆದ ವರ್ಷ ಇಂಥದೇ ಒಂದು ಬೆಳಗ್ಗೆ ಇದೇ ಡಾಕ್ಟರು ಮೇಲಿನಿಂದ ಫೋನ್ ಮಾಡಿ ಬೇಗ ಬೇಗ ಎಂದಿದ್ದರಂತೆ. ಟ್ರೇಯ ತಳ ಒದ್ದೆ ಇತ್ತು. ಇವಳಿಗೆ ಗೊತ್ತಿತ್ತು, ಇವಳೊಬ್ಬಳಿಗೇ ಗೊತ್ತಿತ್ತು. ಆಯ್ತು ಡಾಕ್ಟ್ರೇ ಎಂದು ಕಳಿಸಿಬಿಟ್ಟಳು. ಕಳಿಸಿದ ಗಳಿಗೆಯಿಂದ ಅನ್ನಕ್ಕೆ ರುಚಿಯಿಲ್ಲ. ಆ ಸಾಮಾನಿನಲ್ಲಿ ಕಾಲಿನ ಆಪರೇಷನ್ ಆದವರು ಹನ್ನೊಂದನೇ ಹಾಸಿಗೆಯ ವಯಸ್ಸಾದ ಮೇಷ್ಟ್ರು. ಕೆಲಸ ಮುಗಿದ ಮೇಲೆ ಕೈಯಲ್ಲೆರಡು ಹೊದಿಕೆ ಹಿಡಿದು, ಬಟ್ಟೆ ಎಣಿಸಲು ಬಂದವಳಂತೆ ಆ ವಾರ್ಡಿಗೆ ಹೋಗುತ್ತಿದ್ದಳು. ಹಾಸಿಗೆಯ ಬುಡದಲ್ಲಿ ತೂಗುಹಾಕಿದ ಜ್ವರದ ಹಾಳೆ ನೋಡುತ್ತಿದ್ದಳು. ಇಂಗ್ಲಿಷ್ ಬರದಿದ್ದರೂ ಗೆರೆ ಮೇಲೆ ಹತ್ತಿದೆಯೋ ಇಲ್ಲವೋ ಅಷ್ಟು ತಿಳಿಯುತ್ತಿತ್ತು. ಒಂದಲ್ಲ ಎರಡಲ್ಲ, ಒಂಬತ್ತು ದಿನ. ಆ ದಿನಗಳು ನನಗೂ ನೆನಪಿಗೆ ಬಂದವು. ಕೆಲಸ ಮುಗಿದರೂ ಯಾರೊಡನೆ ಹರಟುತ್ತಾ ನಿಲ್ಲುತ್ತಾಳೋ, ಬಸ್ಸು ತಪ್ಪಿಸುತ್ತಾಳೆ ಎಂದು ಅಣ್ಣನೆದುರು ಚಾಡಿ ಹೇಳಿದವಳು ನಾನೇ.

"ಏನಾಯ್ತು ಅವರಿಗೆ?" ಎಂದೆ.

"ಏನೂ ಆಗಲಿಲ್ಲ. ಹತ್ತನೇ ದಿನ ನಗ್ತಾ ನಗ್ತಾ ಮನೆಗೆ ಹೋದ್ರು. 'ದಿನಾ ಬಟ್ಟೆ ಎಣಿಸ್ತೀಯಲ್ಲಮ್ಮ, ಲೆಕ್ಕ ಸರಿ ಹೋಯ್ತಾ?' ಅಂತ ಕೇಳಿದ್ರು. ನಾನು ಮೆಟ್ಟಿಲ ಹತ್ರ ಹೋಗಿ ಅತ್ತುಬಿಟ್ಟೆ. ಅವತ್ತೇ ಅಂದ್ಕೊಂಡೆ, ಒದ್ದೆ ಇದ್ರೆ ಇನ್ನು ಯಾರೇ ಕೇಳಿದ್ರೂ ಕೊಡಲ್ಲ ಅಂತ. ಅಷ್ಟೇ ಅಕ್ಕಾ. ನಾನು ಕದಲಿದವಳೇ."

ಇದು ಹೊರಗೆ ಬಿದ್ದರೆ ಹಠಮಾರಿ ಎಂಬ ಪದವೂ ಕಡಿಮೆಯೇ. ಹೇಳಿಬಿಡುತ್ತೇನೆ, ನನಗೆ ಆಗ ಹೊಳೆದದ್ದು ಒಳ್ಳೆಯ ಯೋಚನೆಯಲ್ಲ. "ಇದನ್ನ ಯಾರಿಗೂ ಹೇಳಬೇಡ. ನಾನೂ ಕೇಳಿಲ್ಲ, ನೀನೂ ಹೇಳಿಲ್ಲ. ಬಾಯಿ ಮುಚ್ಕೊಂಡು ಸಹಿ ಹಾಕು, ಉಳಿದದ್ದು ನಾನು ನೋಡ್ಕೋತೀನಿ" ಎಂದೆ. ಗೇಟಿನ ಕಾವಲುಗಾರ ಅಂದು ನನ್ನ ಮೇಜಿನ ಮುಂದೆ ಯಾಕೆ ನಿಂತಿದ್ದ ಎನ್ನುವುದನ್ನು ಅಷ್ಟು ಬೇಗ ಮರೆತಿದ್ದೆ.

"ಆಗಲ್ಲ ಅಕ್ಕಾ" ಎಂದಳು ಅತ್ತಿಗೆ. ಎದ್ದು ನಿಂತು ಕೋಟಿನ ಗುಂಡಿ ಸರಿಮಾಡಿಕೊಂಡಳು. "ಮೇಡಂ ಇದಾರಾ?"

ನಾನು ಕೈ ಹಿಡಿದು ಎಳೆದೆ. ಕೊಡವಿಕೊಂಡಳು. ಅವಳ ಹಿಂದೆಯೇ ನಾನೂ ಓಡಿದೆ.

ಮೇಡಂ ಕೋಣೆಯಲ್ಲಿ, ನಮ್ಮ ಗ್ರಹಚಾರಕ್ಕೆ, ಮೂಳೆ ಡಾಕ್ಟರೂ ಇದ್ದರು. ದೂರು ಏನಾಯಿತೆಂದು ಕೇಳಲು ಬಂದಿದ್ದರು. ಅತ್ತಿಗೆ ಅವರನ್ನು ನೋಡಿ ಬಾಗಿಲಲ್ಲೇ ಒಂದು ಕ್ಷಣ ತಡೆದಳು. ಆಮೇಲೆ ಒಳಗೆ ಹೋಗಿ, ನಿಂತೇ, ಕಳೆದ ವರ್ಷದ್ದನ್ನೆಲ್ಲ ಹೇಳಿದಳು. ಯಾವ ತಿಂಗಳು, ಯಾವ ಟ್ರೇ, ಯಾವ ಹಾಸಿಗೆ, ಒಂದನ್ನೂ ಬಿಡಲಿಲ್ಲ. ಡಾಕ್ಟರು ಬೇಗ ಬೇಗ ಎಂದದ್ದನ್ನು ಮಾತ್ರ ಹೇಳಲಿಲ್ಲ. ಆ ಕಡೆ ಬೆರಳು ತೋರಿಸಬಹುದಿತ್ತು, ತೋರಿಸಲಿಲ್ಲ. "ನಾನೇ ಕಳಿಸಿದೆ" ಎಂದಳು.

ಮೇಡಂ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟರು.

"ನೀವು ಹೇಳದೇ ಇದ್ದಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದರು ಮೇಡಂ ನಿಧಾನವಾಗಿ.

"ಹೇಳದೇ ಇದ್ರೆ ಅಕ್ಕ ಆ ಪದ ಹಾಕಿಬಿಡ್ತಾರೆ ಮೇಡಂ. ನಾನು ಅದರ ಕೆಳಗೆ ಸಹಿ ಹಾಕಬೇಕು."

ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಹೋದ ಸಲ ಕೊಟ್ಟಿದ್ದಕ್ಕೆ ಏನೂ ಆಗಲಿಲ್ಲ ಅಂತ ನೀವೇ ಹೇಳ್ತಿದೀರಿ. ಮತ್ತೆ ಈ ಸಲ ಯಾಕೆ ಅಷ್ಟು ರಂಪ ಮಾಡಿದ್ರಿ?"

"ಏನೂ ಆಗಲಿಲ್ಲ ಡಾಕ್ಟ್ರೇ. ಅದು ಅವರ ಅದೃಷ್ಟ. ನನ್ನ ಕೆಲಸ ಅಲ್ಲ."

ಡಾಕ್ಟರು ಮತ್ತೇನೋ ಹೇಳಲು ಹೊರಟು ನಿಲ್ಲಿಸಿದರು. ಮೇಜಿನ ಮೇಲಿದ್ದ ತಮ್ಮದೇ ದೂರಿನ ಹಾಳೆಯನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟರು. "ಹನ್ನೊಂದನೇ ಹಾಸಿಗೆಯ ಮೇಷ್ಟ್ರನ್ನ ಆಪರೇಷನ್ ಆದ ಮೇಲೆ ನಾನು ನೋಡಿದ್ದು ಮೂರು ದಿನ" ಎಂದರು. ಅದನ್ನು ನಮ್ಮಲ್ಲಿ ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಮೇಡಂ ಅತ್ತಿಗೆಯನ್ನೇ ನೋಡುತ್ತಿದ್ದರು. "ನಾಳೆ ಆ ಕೋಣೆಯ ಜವಾಬ್ದಾರಿ ನಿಮಗೆ ಕೊಟ್ಟೆ ಅಂತಿಟ್ಕೊಳ್ಳಿ. ನಿಮ್ಮ ಕೈಕೆಳಗಿನವಳು ಒಬ್ಬಳು ಒದ್ದೆ ಟ್ರೇ ಕಳಿಸಿಬಿಟ್ಟಳು. ಏನು ಮಾಡ್ತೀರಿ?"

"ಹಿಂದಕ್ಕೆ ತರಿಸ್ತೀನಿ."

"ನಿಮಗೆ ಗೊತ್ತಾದ್ರೆ ತಾನೇ ತರಿಸೋದು. ಅವಳು ನಿಮ್ಮ ಹಾಗೇ ಬಾಯಿ ಮುಚ್ಕೊಂಡಿದ್ರೆ?"

ಅತ್ತಿಗೆ ಇದಕ್ಕೆ ಸ್ವಲ್ಪ ಯೋಚಿಸಿದಳು. "ನನ್ನದು ಏನಾಯ್ತು ಅಂತ ಮೊದಲನೇ ದಿನವೇ ಎಲ್ಲರಿಗೂ ಹೇಳಿಬಿಡ್ತೀನಿ ಮೇಡಂ. ಒಂಬತ್ತು ದಿನಾನೂ ಹೇಳ್ತೀನಿ. ಆಮೇಲೆ ಯಾರೂ ಬಚ್ಚಿಡಲ್ಲ."

ಮೇಡಂ ಡ್ರಾಯರ್ ಎಳೆದು ರಬ್ಬರ್ ತೆಗೆದರು. ಪೆನ್ಸಿಲಿನ ಪದವನ್ನು ಉಜ್ಜಿ ಉಜ್ಜಿ ಅಳಿಸಿದರು, ಹಾಳೆಯ ಮೇಲಿನ ಹೊಟ್ಟನ್ನು ಊದಿದರು. ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, "ಹೋದ ವರ್ಷದ ತಪ್ಪಿಗೆ ಎಚ್ಚರಿಕೆ ಪತ್ರ ಒಂದು ಟೈಪ್ ಮಾಡಿ. ವರದಿ ಜೊತೆಗೇ ಹೋಗತ್ತೆ" ಎಂದರು.

"ಮೇಡಂ! ತಾನಾಗಿ ಬಂದು ಹೇಳಿದ್ದಕ್ಕೆ ಶಿಕ್ಷೆನಾ?" ನನ್ನ ದನಿ ಏರಿತು. ಅತ್ತಿಗೆ ನನ್ನ ತೋಳು ಮುಟ್ಟಿ, "ಇರಲಿ ಬಿಡಿ ಅಕ್ಕಾ. ಮಾಡಿದೀನಲ್ಲ" ಎಂದಳು. ಅವಳ ಧ್ವನಿಯಲ್ಲಿ ನಡುಕ ಇರಲಿಲ್ಲ. ವರ್ಷದಿಂದ ಹೊತ್ತದ್ದನ್ನು ಇಳಿಸಿದವಳ ಹಾಗೆ ಆರಾಮವಾಗಿ ನಿಂತಿದ್ದಳು. ಒಪ್ಪಿಕೊಂಡು ಅರ್ಧ ಗಂಟೆಯಾಗಿರಲಿಲ್ಲ, ಆಗಲೇ ಮುಖದಲ್ಲಿ ಕಳೆ ಬಂದಿತ್ತು.

"ಸರಿ, ಪದ ನಿಮ್ಮದು" ಎಂದರು ಮೇಡಂ ನನಗೆ. "ವಾಕ್ಯ?"

ಆಗ ನನಗೆ ಹೊಳೆಯಿತು. ಎರಡು ದಿನ ನಾನು ಹುಡುಕಿದ್ದು ಕಿಟಕಿಯ ಹತ್ತಿರ, ಅವಳು ಟ್ರೇ ಹಿಡಿದು ನಿಂತ ಜಾಗದಲ್ಲಿ. ಅಲ್ಲಿ ಮೊಂಡರೂ ನಿಲ್ಲಬಲ್ಲರು. ಈ ಕೋಣೆಯಲ್ಲಿ ಅವಳು ನಿಂತ ಜಾಗದಲ್ಲಿ ಯಾವ ಮೊಂಡನೂ ಬಂದು ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದೆ, ಮೇಡಂ ಬರೆದುಕೊಂಡರು. ನಮ್ಮ ಭಾಷೆಯಲ್ಲಿ ಅದು ಹೀಗೆ: 'ಹಿಂದೊಮ್ಮೆ ತಾನು ತಪ್ಪಿದ್ದನ್ನು ಯಾರೂ ಕೇಳದಿದ್ದರೂ ತಾನಾಗಿ ಬಂದು ಹೇಳಿದರು, ಆ ತಪ್ಪು ನಡೆದ ಮೇಲೆ ಯಾರೇ ಒತ್ತಾಯಿಸಿದರೂ ಮತ್ತೆ ತಪ್ಪಲಿಲ್ಲ.'

ಮೇಡಂ ಆ ವಾಕ್ಯದ ಮೇಲೆ ತಮ್ಮ ಹಳೆಯ ಪದವನ್ನು ಮನಸ್ಸಿನಲ್ಲೇ ಇಟ್ಟು ನೋಡಿದ್ದು ಅವರ ಮುಖದಲ್ಲೇ ಕಂಡಿತು. ಕೂರಲಿಲ್ಲ. ಸಹಿ ಹಾಕಿದರು. ಡಾಕ್ಟರು ಎದ್ದರು. ದೂರನ್ನು ವಾಪಸು ತೆಗೆದುಕೊಳ್ಳುತ್ತಾರೆ ಎಂದುಕೊಂಡೆ. ಇಲ್ಲ. "ಆಪರೇಷನ್ ತಡ ಆಗಿದ್ದು ನಿಜ, ದೂರು ಇರಲಿ. ಯಂತ್ರ ರಿಪೇರಿ ಮಾಡ್ಸೋಕಾದ್ರೂ ಆಗತ್ತೆ" ಎಂದರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಯಾರೂ ಕೇಳದಿದ್ದರೂ, ಮೇಡಂ ಸಹಿಯ ಪಕ್ಕದಲ್ಲಿ ತಮ್ಮದೂ ಒಂದು ಹಾಕಿ ಹೊರಟುಹೋದರು.

ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಟೈಪ್ ಮಾಡಿದೆ. ಅತ್ತಿಗೆಯನ್ನು ಮತ್ತೆ ಎದುರಿಗೆ ಕೂರಿಸಿಕೊಂಡು ಪದ ಓದಿದೆ, ವಾಕ್ಯ ಓದಿದೆ, ಎಚ್ಚರಿಕೆ ಪತ್ರವನ್ನೂ ಓದಿದೆ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

"ಈ ಪದ ಮುಂದಿನ ವರ್ಷಾನೂ ಇರತ್ತಾ ಅಕ್ಕಾ?"

"ಅದು ಮುಂದಿನ ವರ್ಷ ನಿನ್ನನ್ನ ನೋಡಿ ಹೇಳ್ತೀನಿ."

"ಹಾಗಾದ್ರೆ ಸರಿ" ಎಂದು ಎರಡೂ ಹಾಳೆಗೆ ಸಹಿ ಹಾಕಿದಳು. ಎರಡು ಸಹಿಯೂ ಒಂದೇ ಅಳತೆ, ಒಂದೇ ನೇರ. ಯಂತ್ರದ ಮುಂದೆ ಮಧ್ಯಾಹ್ನದ ಟ್ರೇಗಳು ಕಾಯುತ್ತಿವೆ ಎಂದು ಓಡಿದಳು.

ಹದಿನೆಂಟು ದಿನದ ಮೇಲೆ ಕೇಂದ್ರ ಕಚೇರಿಯಿಂದ ಉತ್ತರ ಬಂತು. ಎಚ್ಚರಿಕೆ ಪತ್ರಕ್ಕೆ 'ನೋಡಲಾಯಿತು' ಎಂದು ಒಂದು ಮುದ್ರೆ. ಮೇಲ್ವಿಚಾರಕಿಯ ಹುದ್ದೆಗೆ ಒಂದು ಆದೇಶ. ಆದೇಶವನ್ನು ಬಾಗಿಲಿನ ಫಲಕಕ್ಕೆ ಅಂಟಿಸುವ ಮೊದಲು ಅದನ್ನು ಹಿಡಿದುಕೊಂಡು ಕೆಳಗಿಳಿದೆ. ಹಬೆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಐದು ಜನ ಹೆಣ್ಣುಮಕ್ಕಳು ಬಟ್ಟೆ ಮಡಿಸುತ್ತಾ ಕೂತಿದ್ದರು. ಅತ್ತಿಗೆ ಅವರ ನಡುವೆ ನಿಂತು ಹೇಳುತ್ತಿದ್ದಳು, "ಮೂರನೇ ದಿನ ಜ್ವರದ ಗೆರೆ ಇ‌ಷ್ಟೇ ಇಷ್ಟು ಮೇಲೆ ಹೋಗಿತ್ತು ನೋಡಿ, ನನ್ನ ಜೀವ ಬಾಯಿಗೆ ಬಂದಿತ್ತು."

ಆದೇಶ ಬರುವ ತನಕ ಕಾದಿರಲಿಲ್ಲ ಅವಳು. ನಾನು ಬಾಗಿಲ ಹೊರಗೇ ನಿಂತೆ. ನನ್ನ ಅಣ್ಣನ ಹೆಂಡತಿ, ಇಡೀ ಆಸ್ಪತ್ರೆ ಆಯ್ತಮ್ಮ ಎಂದು ಕರೆಯುವವಳು, ತನ್ನ ತಪ್ಪನ್ನು ದಿನದಿನದ ಲೆಕ್ಕದಲ್ಲಿ ಐದು ಜನರ ಮುಂದೆ ಬಿಚ್ಚಿಡುತ್ತಿದ್ದಳು. ಒಂಬತ್ತನೇ ದಿನದವರೆಗೂ ಹೇಳಿ ಮುಗಿಸಲಿ ಎಂದು ಅಲ್ಲೇ ಕಾದೆ.